ನಲವತ್ತೆಂಟು ಬಾಟಲಿ, ನಲವತ್ತೆಂಟು ಮುಚ್ಚಳ

ಆಯುಧಪೂಜೆಯ ಹಿಂದಿನ ದಿನ ನಾನೇ ಕತ್ತರಿ ಹಿಡಿದು ಕೂತು ನಲವತ್ತೆಂಟು ದಾರಗಳನ್ನು ಒಂದೊಂದಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನನ್ನ ಸ್ವಂತ ತಲೆಗೇ ಹೊಳೆದ ಘನಂದಾರಿ ಕೆಲಸ ಅದು. ಆ ಕತ್ತರಿಯಿಂದ ಒಬ್ಬ ಮನುಷ್ಯನ ಮರ್ಯಾದೆಗೂ ಅನ್ನಕ್ಕೂ ಕುತ್ತು ಬಂತು. ಸರಿಹೋಗಲು ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿಯಿತು, ಸರಿಮಾಡಿದವಳೂ ನಾನಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೂಟಗಳ್ಳಿಯ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮದೊಂದು ಸಣ್ಣ ಖಾಸಗಿ ಪ್ರಯೋಗಾಲಯ. ನೀರು ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವುದು ನಮ್ಮ ಕಸುಬು. ಮಾಲೀಕರು, ಇಬ್ಬರು ಕಿರಿಯ ಕೆಮಿಸ್ಟ್ ಹುಡುಗಿಯರು, ಗಾಜಿನ ಸಾಮಾನು ತೊಳೆಯುವ ಅಟೆಂಡರ್ ಅಕ್ಕ, ಮತ್ತು ರಿಪೋರ್ಟಿಗೆ ಸಹಿ ಹಾಕುವ ನಾನು. ಇಷ್ಟೇ ಜನ. ಆಗ ನಾನು ಅಲ್ಲಿಗೆ ಸೇರಿ ಐದು ತಿಂಗಳಾಗಿತ್ತು. ಬಂದವಳೇ ಎಲ್ಲವನ್ನೂ ಸರಿಮಾಡಿಬಿಡುತ್ತೇನೆ ಎಂಬ ಹುರುಪು. ನನ್ನ ಬಾಯಿ ಸ್ವಲ್ಪ ಜೋರು, ಮನೆಯವರೂ ಹೇಳುತ್ತಾರೆ.

ಬಾಟಲಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕೊಳಚೆ ನೀರಿನಲ್ಲಿ ಕೊಳೆಯುವಂಥ ಪದಾರ್ಥ ಎಷ್ಟಿದೆ ಎಂದು ತಿಳಿಯುವ ಪರೀಕ್ಷೆಗೆ ಬಿಒಡಿ ಎನ್ನುತ್ತೇವೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಆ ಕೊಳೆಯನ್ನು ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳೆ ಹೆಚ್ಚಿದ್ದಷ್ಟೂ ಆಮ್ಲಜನಕ ಹೆಚ್ಚು ಖರ್ಚು. ಆದ್ದರಿಂದ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಒಂದೇ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ, ಇಪ್ಪತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ ಮೂರು ದಿನ ಕತ್ತಲಲ್ಲಿ ಇಡುತ್ತೇವೆ. ಮೊದಲ ದಿನ ಎಷ್ಟು ಆಮ್ಲಜನಕ ಇತ್ತು, ಮೂರನೆಯ ದಿನ ಎಷ್ಟು ಉಳಿಯಿತು, ಆ ವ್ಯತ್ಯಾಸವೇ ಉತ್ತರ. ಮೂರು ದಿನ ಹೊರಗಿನ ಗಾಳಿ ಒಳಗೆ ಹೋಗಕೂಡದು. ಹೋದರೆ ಖರ್ಚಾದ ಆಮ್ಲಜನಕ ಮತ್ತೆ ತುಂಬಿಕೊಂಡು, ಕೊಳಕು ನೀರು ಕೂಡ ಒಳ್ಳೆಯ ನೀರಿನ ಹಾಗೆ ಕಾಣುತ್ತದೆ. ಪರೀಕ್ಷೆಯ ಜೀವವೆಲ್ಲ ಆ ಮುಚ್ಚಳದಲ್ಲಿದೆ.

ಮುಚ್ಚಳವೂ ಗಾಜಿನದೇ. ಬಾಟಲಿಯ ಕತ್ತಿನ ಒಳಭಾಗವನ್ನೂ ಮುಚ್ಚಳದ ಹೊರಭಾಗವನ್ನೂ ಉಜ್ಜಿ ಒರಟು ಮಾಡಿರುತ್ತಾರೆ, ಒಂದರೊಳಗೊಂದು ಕಚ್ಚಿ ಕೂರುತ್ತದೆ. ಅದರ ಮೇಲೆ ಅಗಲ ಬಾಯಿಯಲ್ಲಿ ಒಂದು ಬೆರಳಷ್ಟು ನೀರು ನಿಲ್ಲಿಸುತ್ತೇವೆ, ಗಾಳಿಯನ್ನು ತಡೆಯುವ ಎರಡನೆಯ ಬಾಗಿಲು ಅದು. ಈಗ ಬರುವ ಹೊಸ ಬಾಟಲಿಗಳಲ್ಲಿ ಯಾವ ಮುಚ್ಚಳ ಯಾವುದಕ್ಕಾದರೂ ಕೂರುತ್ತದೆ. ನಾನು ಮೊದಲು ಕೆಲಸ ಮಾಡಿದ ಕಡೆ ಅಂಥವೇ ಇದ್ದವು. ಇಲ್ಲಿಯವು ಹಳೆಯವು, ಒಂದೊಂದು ಬಾಟಲಿಗೂ ಅದರದೇ ಮುಚ್ಚಳ ಉಜ್ಜಿ ಕೂರಿಸಿದ್ದು. ಬಾಟಲಿಯ ಮೇಲೆ ನಂಬರ್ ಉಳಿದಿತ್ತು, ಮುಚ್ಚಳದ ಮೇಲಿನದು ತೊಳೆದು ತೊಳೆದು ಅಳಿಸಿಹೋಗಿತ್ತು. ಅಟೆಂಡರ್ ಅಕ್ಕ ಅದಕ್ಕೇ ಪ್ರತಿ ಮುಚ್ಚಳವನ್ನು ಅದರ ಬಾಟಲಿಯ ಕತ್ತಿಗೆ ಗಟ್ಟಿ ದಾರದಿಂದ ಕಟ್ಟಿದ್ದರು. ಕೆಂಪು ದಾರ, ಹಳದಿ ದಾರ, ಹಳೆಯ ಸೀರೆಯ ಅಂಚಿನಿಂದ ಬಿಚ್ಚಿದ ದಾರ. ಎಲ್ಲ ಕಪ್ಪಗೆ ಜಿಡ್ಡುಗಟ್ಟಿತ್ತು.

ಆಯುಧಪೂಜೆಗೆ ನಮ್ಮಲ್ಲಿ ಬುರೆಟ್, ತಕ್ಕಡಿ, ಬಾಟಲಿ ಎಲ್ಲವನ್ನೂ ತೊಳೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಗಂಧ ಕುಂಕುಮ ಇಟ್ಟು, ಸೇವಂತಿಗೆ ಏರಿಸುವುದು ವಾಡಿಕೆ. ಆ ಸಲ ಅಟೆಂಡರ್ ಅಕ್ಕ ಮಗಳ ಬಾಣಂತನಕ್ಕೆಂದು ಹತ್ತು ದಿನ ರಜೆಯಲ್ಲಿದ್ದರು. ತೊಳೆಯುವ ಕೆಲಸ ನನ್ನದೂ ಹುಡುಗಿಯರದೂ ಆಯಿತು. ಪೂಜೆಗೆ ಇಡುವ ಬಾಟಲಿಗೆ ಈ ಕೊಳಕು ದಾರವೇ ಎಂದು ನನಗೆ ಅಸಹ್ಯವಾಯಿತು. ಕತ್ತರಿಸಿದೆ. ಮುಚ್ಚಳಗಳನ್ನೆಲ್ಲ ಒಂದು ಟಬ್ಬಿನಲ್ಲಿ, ಬಾಟಲಿಗಳನ್ನೆಲ್ಲ ಇನ್ನೊಂದರಲ್ಲಿ ನೆನೆಹಾಕಿದೆ. ಮರುದಿನ ಅವು ಮೇಜಿನ ಮೇಲೆ ಹಣೆಗೆ ಕುಂಕುಮ ಇಟ್ಟುಕೊಂಡು ಪಳಪಳ ಹೊಳೆಯುವುದನ್ನು ಕಂಡು ಮಾಲೀಕರು, "ಮೇಡಂ ಬಂದ್ಮೇಲೆ ಲ್ಯಾಬ್‌ಗೊಂದು ಕಳೆ ಬಂತು ಕಣ್ರೀ" ಎಂದರು. ನಾನು ಉಬ್ಬಿಹೋದೆ.

ಅಕ್ಕ ರಜೆ ಮುಗಿಸಿ ಬಂದ ದಿನವೇ ಬಾಟಲಿಗಳ ಮುಂದೆ ನಿಂತುಬಿಟ್ಟರು. ಅವರು ಅಶೋಕಪುರಂನಿಂದ ಎರಡು ಬಸ್ಸು ಬದಲಾಯಿಸಿ ಬರುವವರು, ಬಂದ ಕೂಡಲೇ ಕೆಲಸಕ್ಕೆ ಕೈಹಾಕುವುದು ರೂಢಿ. ಅವತ್ತು ಕೈ ಹಾಕಲಿಲ್ಲ.

"ದಾರ ಎಲ್ಲಿ ಓದ್ವು ಮೇಡಂ?"

"ಕೊಳಕಾಗಿದ್ವು ಅಕ್ಕ, ಕಿತ್ತು ಬಿಸಾಕ್ದೆ."

"ಮುಚ್ಚಳ ಎಲ್ಲ ಅವವಕ್ಕೇ ಆಕಿದ್ದೀರ ತಾನೆ?"

"ಎಲ್ಲ ಒಂದೇ ಸೈಜು ಅಕ್ಕ. ನಂಗೆ ಗೊತ್ತಿಲ್ವಾ? ನೀವು ಹೋಗಿ ಪಿಪೆಟ್ ತೊಳೀರಿ, ರಾಶಿ ಬಿದ್ದಿದೆ."

"ಸರಿ ಬುಡಿ," ಎಂದು ಅವರು ಒಳಗೆ ಹೋದರು. ಆ 'ಸರಿ ಬುಡಿ'ಯಲ್ಲಿ ಏನಿತ್ತು ಎಂದು ನಾನು ಆಗ ಕೇಳಿಸಿಕೊಳ್ಳಲಿಲ್ಲ. ಓದಿದವಳ ಕಿವಿ ನೋಡಿ, ಬೇಕಾದ್ದು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ.

ಅದರ ಹಿಂದಿನ ದಿನ, ಸೋಮವಾರ, ದಟ್ಟಗಳ್ಳಿಯ ಒಂದು ಹಾಸ್ಟೆಲಿನಿಂದ ನೀರು ಬಂದಿತ್ತು. ಕ್ರೈಸ್ತ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ ಅದು. ಅಲ್ಲಿ ಕೊಳಚೆ ನೀರನ್ನು ಶುದ್ಧಮಾಡಿ ಗಿಡಗಳಿಗೂ ಶೌಚಾಲಯದ ಫ್ಲಶ್ಶಿಗೂ ಬಳಸುತ್ತಾರೆ. ಆ ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುವ ಆಪರೇಟರ್ ಐವತ್ತು ದಾಟಿದ ಮನುಷ್ಯ, ಒಂದು ಏಜೆನ್ಸಿಯ ಮೂಲಕ ಅಲ್ಲಿ ಕೆಲಸಕ್ಕಿದ್ದವರು. ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಾವೇ ತಂದರು.

"ಮೇಡಂ, ಈ ಸಲ ರಿಪೋರ್ಟ್ ಕೆಟ್ಟದಾಗೇ ಬರುತ್ತೆ. ಬರ್ಲಿ, ನಂಗೆ ಅದೇ ಬೇಕು," ಎಂದರು.

"ಇದೇನ್ರೀ, ಎಲ್ಲರೂ ಪಾಸಾಗ್ಲಿ ಅಂತ ಬೇಡ್ಕೊಂಡು ಬರ್ತಾರೆ, ನೀವು ಫೇಲ್ ಮಾಡಿ ಅಂತೀರಿ?"

"ಗಾಳಿ ಹೊಡೆಯೋ ಬ್ಲೋವರ್ ಸತ್ತೇಹೋಗಿದೆ ಮೇಡಂ. ಅರ್ಧ ಟ್ಯಾಂಕ್‌ಗೆ ಗಾಳಿನೇ ಇಲ್ಲ. ನೀರು ಕಪ್ಪಾಗ್ತಿದೆ, ವಾಸನೆ. ಮಕ್ಕಳು ಮೂಗು ಮುಚ್ಕೊಂಡು ಓಡಾಡ್ತಾರೆ. ನಾನು ಹೇಳಿದ್ರೆ ಏಜೆನ್ಸಿಯವ್ರು ನಂಬಲ್ಲ. ಪೇಪರ್ ಮೇಲೆ ಬಂದ್ರೆ ನಂಬ್ತಾರೆ."

ನಾನು ನಕ್ಕು ಡಬ್ಬಿ ತೆಗೆದುಕೊಂಡೆ. ಗುರುವಾರ ಬಾಟಲಿ ಹೊರತೆಗೆದೆವು. ಎರಡು ಬಾಟಲಿ ಇಟ್ಟಿದ್ದೆವು, ಎರಡರಲ್ಲೂ ಆಮ್ಲಜನಕ ಚೆನ್ನಾಗೇ ಉಳಿದಿತ್ತು. ಅಂದರೆ ನೀರು ಶುದ್ಧ, ಮಿತಿಯ ಒಳಗೆ. ನನಗೊಂದು ಚಿಕ್ಕ ಇರುಸುಮುರುಸು ಆಗಿದ್ದು ನಿಜ. ಅದೇ ನೀರಿನ ಸಿಒಡಿ ಎಂಬ ಇನ್ನೊಂದು ಪರೀಕ್ಷೆ, ಎಲ್ಲ ಕೊಳೆಯನ್ನೂ ಆಮ್ಲದಲ್ಲಿ ಕುದಿಸಿ ಅಳೆಯುವಂಥದ್ದು, ಹೆಚ್ಚು ತೋರಿಸುತ್ತಿತ್ತು. ಇವೆರಡು ಇಷ್ಟು ದೂರ ಇರಬಾರದು. ಆದರೆ ನಾನು ಬುದ್ಧಿವಂತೆಯಲ್ಲವೇ, ಕಾರಣ ಹುಡುಕಿಕೊಂಡೆ. ಹಾಸ್ಟೆಲ್ ಅಂದಮೇಲೆ ಫಿನೈಲು, ಸೋಪಿನ ಪುಡಿ ಇದ್ದೇ ಇರುತ್ತದೆ, ಅವು ಸುಲಭಕ್ಕೆ ಕೊಳೆಯುವುದಿಲ್ಲ ಎಂದುಕೊಂಡೆ. ಪ್ರತಿ ತಂಡದ ಜೊತೆ ಗ್ಲೂಕೋಸಿನ ಒಂದು ತಪಾಸಣೆ ದ್ರಾವಣ ಇಡಬೇಕು, ಅದರ ಉತ್ತರ ಮೊದಲೇ ಗೊತ್ತಿರುತ್ತದೆ, ತಪ್ಪು ಬಂದರೆ ನಮ್ಮಲ್ಲೇ ದೋಷ ಎಂದರ್ಥ. ಹಬ್ಬದ ಗಡಿಬಿಡಿಯಲ್ಲಿ ಆ ವಾರ ಅದನ್ನೂ ಇಟ್ಟಿರಲಿಲ್ಲ. ಶುಕ್ರವಾರ ಸಹಿ ಹಾಕಿ ಕಳಿಸಿದೆ.

ಹತ್ತು ದಿನ ಕಳೆದು ಮತ್ತೊಂದು ಸೋಮವಾರ ಆಪರೇಟರ್ ಬಂದರು. ಕೈಯಲ್ಲಿ ಮತ್ತೆ ಐಸ್ ಡಬ್ಬಿ, ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾದ ನನ್ನ ರಿಪೋರ್ಟು. ಕೂರಿ ಎಂದರೆ ಕೂರಲಿಲ್ಲ.

"ನೀರು ಚೆನ್ನಾಗಿದೆ ಅಂತ ನೀವು ಬರೆದುಕೊಟ್ರಿ. ಹಾಗಾದ್ರೆ ವಾಸನೆ ನಿನ್ನ ಸೋಮಾರಿತನದಿಂದ, ಟ್ಯಾಂಕ್ ತೊಳೆಯಲ್ಲ, ಬ್ಲೋವರ್ ಮೇಲೆ ಸುಳ್ಳು ಹೇಳ್ತೀಯ ಅಂದ್ರು ಏಜೆನ್ಸಿಯವ್ರು. ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಿ ಹೋಗು ಅಂದಿದ್ದಾರೆ. ಹೋಗ್ಲಿ, ಕೆಲಸ ಇನ್ನೊಂದು ಸಿಗಬಹುದು. ಹಾಸ್ಟೆಲ್ ಸಿಸ್ಟರ್ ನಮ್ಮ ಚರ್ಚಿಗೇ ಬರೋದು. ಭಾನುವಾರ ಪೂಜೆ ಮುಗಿದ ಮೇಲೆ ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು. ನನ್ನ ಹೆಂಡ್ತಿ ಪಕ್ಕದಲ್ಲೇ ಇದ್ಳು ಮೇಡಂ."

ನಾನು ಏನು ಹೇಳಬೇಕಿತ್ತು? ಹೇಳಿದ್ದು ಮಾತ್ರ ಇದು: "ನೋಡಿ, ಟೆಸ್ಟ್ ಸುಳ್ಳು ಹೇಳಲ್ಲ."

ಅವರು ನನ್ನನ್ನೇ ನೋಡಿದರು. "ಹನ್ನೊಂದು ವರ್ಷದಿಂದ ಆ ನೀರಿನ ಪಕ್ಕದಲ್ಲೇ ಬುತ್ತಿ ಬಿಚ್ಚಿ ಊಟ ಮಾಡಿದೀನಿ. ನನ್ನ ಮೂಗು ಸುಳ್ಳು ಹೇಳುತ್ತಾ? ಇನ್ನೊಂದ್ಸಲ ಮಾಡಿ ಮೇಡಂ. ಒಂದೇ ಒಂದ್ಸಲ. ಆಮೇಲೆ ನಾನು ಬರಲ್ಲ."

ಡಬ್ಬಿಯ ಮುಚ್ಚಳ ತೆರೆದೆ. ಥೂ! ನನ್ನ ಮೂಗಿಗೂ ಹೊಡೆಯಿತು.

ಈ ಸಲ ಎಲ್ಲವನ್ನೂ ಪುಸ್ತಕದ ಪ್ರಕಾರ ಮಾಡಿದೆ. ಸ್ಯಾಂಪಲಿಗೆ ನಾಲ್ಕು ಬಾಟಲಿ, ತಪಾಸಣೆ ದ್ರಾವಣಕ್ಕೆ ನಾಲ್ಕು, ಬರೀ ನೀರಿನವು ಎರಡು. ಗುರುವಾರ ತೆಗೆದಾಗ ಬರೀ ನೀರಿನವು ಸರಿಯಾಗಿದ್ದವು, ಅವುಗಳಲ್ಲಿ ಕೊಳೆಯೇ ಇಲ್ಲವಲ್ಲ. ಸ್ಯಾಂಪಲಿನ ನಾಲ್ಕು ನಾಲ್ಕು ದಿಕ್ಕು. ಒಂದರಲ್ಲಿ ಆಮ್ಲಜನಕ ಲೀಟರಿಗೆ ಮೂರು ಮಿಲಿಗ್ರಾಂ, ಇನ್ನೊಂದರಲ್ಲಿ ಹತ್ತಿರ ಹತ್ತಿರ ಆರು. ಒಂದೇ ನೀರು, ಒಂದೇ ಕೈ, ಒಂದೇ ಪೆಟ್ಟಿಗೆ. ತಪಾಸಣೆ ದ್ರಾವಣವೂ ಹಾಗೇ ಚೆಲ್ಲಾಪಿಲ್ಲಿ. ಕಿರಿಯ ಹುಡುಗಿಯೊಬ್ಬಳು, "ಸರಾಸರಿ ತಗೊಳ್ಳೋಣ್ವಾ ಮೇಡಂ?" ಎಂದು ಕೇಳಿ ನನ್ನಿಂದ ಬೈಸಿಕೊಂಡಳು. ಪಾಪ, ಅವಳದೇನು ತಪ್ಪು.

ಆಮೇಲೆ ನಡೆದದ್ದು ದೋಷ ಹುಡುಕುವ ಮೆರವಣಿಗೆ. ಆಮ್ಲಜನಕ ಅಳೆಯುವ ಥಯೋಸಲ್ಫೇಟ್ ದ್ರಾವಣ ಹಳೆಯದಾಗಿದೆಯೇನೋ ಎಂದು ಹೊಸದು ಮಾಡಿಸಿದೆ. ಪಿಷ್ಟದ ಸೂಚಕ ಹೊಸದು. ಡಿಸ್ಟಿಲ್ಡ್ ವಾಟರಿಗೆ ರಾತ್ರಿಯಿಡೀ ಗಾಳಿ ಬಿಡಿಸಿ, ಲವಣಗಳನ್ನೆಲ್ಲ ಹೊಸದಾಗಿ ತೂಗಿ ಸೇರಿಸಿದೆ. ಪೆಟ್ಟಿಗೆಯ ಮೂರು ಮೂಲೆಯಲ್ಲಿ ಮೂರು ಥರ್ಮಾಮೀಟರ್ ಇಟ್ಟು ಗಂಟೆಗೊಮ್ಮೆ ಬರೆಸಿದೆ. ಶುಕ್ರವಾರ ಬೆಳಿಗ್ಗೆ ಆಪರೇಟರ್ ಮತ್ತೆ ತಾಜಾ ನೀರು ತಂದುಕೊಟ್ಟರು. ಮತ್ತೆ ಹತ್ತು ಬಾಟಲಿ ತುಂಬಿ ಮುಚ್ಚಿ ಇಟ್ಟೆವು. ಈ ಪರೀಕ್ಷೆಯಲ್ಲಿ ಅವಸರ ಅನ್ನುವುದೇ ಇಲ್ಲ. ನೀವು ಎಷ್ಟೇ ಎಗರಾಡಿ, ಬಾಟಲಿ ಮೂರು ದಿನ ಆದಮೇಲೇ ಮಾತಾಡುವುದು. ತಿಂಗಳ ಕೊನೆಗೆ ಹನ್ನೊಂದು ದಿನ ಉಳಿದಿತ್ತು.

ಸೋಮವಾರ ಬಾಟಲಿ ಹೊರತೆಗೆಯುವ ಹೊತ್ತಿಗೆ ಹುಡುಗಿಯರಿಬ್ಬರೂ ಹೊರಗಡೆ ಸ್ಯಾಂಪಲ್ ತರಲು ಹೋಗಿದ್ದರು. ಅಟೆಂಡರ್ ಅಕ್ಕನನ್ನೇ ಕರೆದೆ. ಅವರು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟು, ಬಾಯಿಯ ನೀರು ಆರದಂತೆ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಟೋಪಿಗಳನ್ನು ಒಂದೊಂದಾಗಿ ತೆಗೆದರು. ನನ್ನ ಕಣ್ಣು ಬುರೆಟ್ ಮೇಲೆ. ಅವರ ಕಣ್ಣು ಬಾಟಲಿಯ ಬಾಯಿಯ ಮೇಲೆ.

"ಮೇಡಂ, ಒಸಿ ಇಲ್ಲಿ ನೋಡಿ. ಇದ್ರ ಬಾಯಾಗೆ ನೀರು ಅಂಗೇ ನಿಂತದೆ. ಇದ್ರಾಗೆ ಇಂಗೋಗ್ಬುಟ್ಟದೆ."

ನೋಡಿದೆ. ಕೆಲವು ಬಾಟಲಿಗಳ ಬಾಯಲ್ಲಿ ನಾವು ನಿಲ್ಲಿಸಿದ್ದ ನೀರು ಹಾಗೇ ಇತ್ತು. ಕೆಲವುಗಳಲ್ಲಿ ಒದ್ದೆ ಮಾತ್ರ ಉಳಿದಿತ್ತು. ಅಕ್ಕ ಒಣಗಿದ ಬಾಯಿಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳದ ತಳದಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಅಂಟಿಕೊಂಡಿತ್ತು.

"ಈ ಮುಚ್ಚಳ ಈ ಬಾಟ್ಲಿದಲ್ಲ ಕಣಮ್ಮ," ಎಂದರು ಮೆಲ್ಲಗೆ. ಎಂದೂ 'ಮೇಡಂ' ಬಿಟ್ಟು ಕರೆಯದವರು ಅಂದು 'ಅಮ್ಮ' ಅಂದುಬಿಟ್ಟರು. ಅಳುವ ಮಗುವನ್ನು ಸಮಾಧಾನ ಮಾಡುವವರ ದನಿ ಅದು.

ಕತ್ತರಿ, ಟಬ್ಬು, ಕುಂಕುಮ, 'ಎಲ್ಲ ಒಂದೇ ಸೈಜು ಅಕ್ಕ', ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನನ್ನ ಪುಣ್ಯಕ್ಕೆ ನೆಲ ಬಾಯಿ ಬಿಡಲಿಲ್ಲ.

"ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ?"

"ಕೇಳುದ್ನಲ್ಲ ಮೇಡಂ. ನಂಗೆ ಗೊತ್ತಿಲ್ವಾ ಅಂದ್ರಿ. ಓದ್ದೋರು, ಗೊತ್ತಿರ್ತದೆ ಅಂದ್ಕಂಡೆ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವರು ಅದನ್ನು ಚುಚ್ಚಲು ಹೇಳಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು ಅಷ್ಟೇ.

"ಈಗ ಏನ್ಮಾಡೋದು? ಯಾವ್ದು ಯಾವ್ದಕ್ಕೆ ಅಂತ ಯಾರಿಗೆ ಗೊತ್ತು?"

"ನಂಗ್ ಗೊತ್ತು," ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕೈಗೆ ಗೊತ್ತು."

ಮಧ್ಯಾಹ್ನದಿಂದಲೇ ಶುರುಮಾಡಿದೆವು. ಮೇಜಿನ ಮೇಲೆ ನಲವತ್ತೆಂಟು ಬಾಟಲಿ, ಬಿಳಿ ಬಟ್ಟೆಯ ಮೇಲೆ ನಲವತ್ತೆಂಟು ಮುಚ್ಚಳ. ಅಕ್ಕ ಬಾಟಲಿಯ ಕತ್ತನ್ನು ಒದ್ದೆ ಮಾಡಿ, ಒಂದು ಮುಚ್ಚಳ ಇಟ್ಟು, ಎರಡು ಬೆರಳಿನಲ್ಲಿ ಕಾಲು ಸುತ್ತು ತಿರುಗಿಸುತ್ತಿದ್ದರು. ಕಿವಿ ಬಾಟಲಿಯ ಹತ್ತಿರ. ಬೇರೆಯದರ ಮುಚ್ಚಳವಾದರೆ ಕರ್ ಎಂದು ಸಣ್ಣಗೆ ಗೀರುವ ಸದ್ದು, ಇಲ್ಲವೇ ಒಂದು ಕಡೆ ಅಲುಗಾಟ. "ಕೇಳಿ, ಕರಕರ ಅಂತದೆ. ಇದು ಬ್ಯಾಡ." ಅದರದೇ ಮುಚ್ಚಳವಾದರೆ ಸದ್ದೇ ಇಲ್ಲ, ತಿರುಗಿ ಸುಮ್ಮನೆ ಕೂತುಬಿಡುತ್ತದೆ. ಅಂಥದೊಂದು ಕೂತಾಗ ಅಕ್ಕ, "ಆಂ, ಬಂದ್ಬುಟ್ಯಾ ಮನೇಗೆ" ಎಂದು ಬಾಟಲಿಯೊಂದಿಗೇ ಮಾತಾಡುತ್ತಿದ್ದರು. ನಾನೂ ತಿರುಗಿಸಿ ನೋಡಿದೆ. ಮೊದಲ ಹತ್ತರಲ್ಲಿ ನನಗೆ ಏನೂ ತಿಳಿಯಲಿಲ್ಲ. ಇಪ್ಪತ್ತನೆಯದರ ಹೊತ್ತಿಗೆ ಬೆರಳಿಗೆ ಒಂದಿಷ್ಟು ಹತ್ತಿತು.

ಕೈಯ ಮಾತನ್ನು ನಂಬಿದರೂ ನನ್ನ ವಿದ್ಯೆಗೆ ಕಣ್ಣಿನ ಸಾಕ್ಷಿ ಬೇಕಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನ ಕಡುಗುಲಾಬಿ ನೀರು ಮಾಡಿ, ಜೋಡಿ ಸೇರಿದ ಬಾಟಲಿಗಳ ಬಾಯಲ್ಲಿ ನಿಲ್ಲಿಸಿದೆ. ಒಳಗೆ ಬಣ್ಣವಿಲ್ಲದ ನೀರು. ಪಕ್ಕದಲ್ಲೇ ಬೇಕೆಂದೇ ತಪ್ಪು ಮುಚ್ಚಳ ಹಾಕಿದ ನಾಲ್ಕು ಬಾಟಲಿ. ಸಂಜೆಯ ಹೊತ್ತಿಗೆ ಆ ನಾಲ್ಕರಲ್ಲೂ ಮುಚ್ಚಳದ ಅಂಚಿನಿಂದ ಗುಲಾಬಿ ಗೆರೆ ಕೆಳಗಿಳಿದು ನೀರಿನೊಳಗೆ ಹೊಗೆಯಂತೆ ಹರಡುತ್ತಿತ್ತು. ಅಕ್ಕನ ಜೋಡಿಗಳಲ್ಲಿ ಒಂದೇ ಒಂದರಲ್ಲೂ ಇಳಿದಿರಲಿಲ್ಲ. ನಾನು ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡೆ. ಸೋಪಿನ ನೀರಿಗೆ ಬಿರುಕುಬಿಟ್ಟ ಕೈಗಳು. "ಅಯ್ಯ, ಬುಡಿ ಮೇಡಂ, ಒದ್ದೆ ಕೈ" ಎಂದು ಬಿಡಿಸಿಕೊಂಡರು.

ಬುಧವಾರ ಮಧ್ಯಾಹ್ನಕ್ಕೆ ನಲವತ್ತೈದು ಜೋಡಿ ಸೇರಿದವು. ಮೂರು ಮುಚ್ಚಳಗಳಿಗೆ ಬಾಟಲಿ ಸಿಗಲೇ ಇಲ್ಲ, ನಾವು ತೊಳೆಯುವಾಗ ಅಂಚು ಒಡೆದಿದ್ದೆವೋ ಏನೋ. ಅವನ್ನು ಪಕ್ಕಕ್ಕಿಟ್ಟೆವು. ಅಕ್ಕ ಹೊಸ ದಾರದ ಉಂಡೆ ತಂದು ಕಟ್ಟಲು ಕೂತರು. ದಾರ ಕತ್ತರಿಸಿಕೊಡಲೆಂದು ನಾನು ಕತ್ತರಿಗೆ ಕೈ ಚಾಚಿದೆ. ಅವರು ಅದನ್ನು ಸರಕ್ಕನೆ ತಮ್ಮ ಕಡೆ ಎಳೆದುಕೊಂಡು, "ಕತ್ತರಿ ನನ್ತಾವೇ ಇರ್ಲಿ ಬುಡಿ" ಎಂದು ನಕ್ಕರು. ನಾನೂ ನಕ್ಕೆ. ಹತ್ತು ದಿನದಲ್ಲಿ ಮೊದಲ ಸಲ.

ಇನ್ನು ಮೇಲಿನ ಮಹಡಿಯಲ್ಲಿದ್ದ ಮಾಲೀಕರ ಕೋಣೆಗೆ ಹೋಗಬೇಕಿತ್ತು. ಅವರು ಒಳ್ಳೆಯವರೇ, ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡರು. ಹಣೆ ಉಜ್ಜಿಕೊಂಡು, "ಆಯ್ತು. ಹಾಸ್ಟೆಲ್‌ಗೆ ಈಗ ಸರಿಯಾಗಿ ಟೆಸ್ಟ್ ಮಾಡಿ ಹೊಸ ರಿಪೋರ್ಟ್ ಕೊಡಿ. ಹಳೇದರ ತಂಟೆಗೆ ಯಾಕೆ ಹೋಗ್ತೀರಿ?" ಎಂದರು.

ನಿಜ ಹೇಳಬೇಕೆಂದರೆ, ಆ ದಾರಿ ನನಗೂ ಹೊಳೆದಿತ್ತು. ಮೆಟ್ಟಿಲು ಹತ್ತುವಾಗ ಅದನ್ನೇ ಯೋಚಿಸಿದ್ದೆ. ಆದರೆ ಅವರ ಬಾಯಲ್ಲಿ ಕೇಳಿದಾಗ ಅದರ ಕೊನೆ ಕಂಡಿತು.

"ಸರ್, ಹಳೇದು ಸರಿ ಅಂತ ಹಾಗೇ ಬಿಟ್ಟು ಹೊಸದು ಫೇಲ್ ಅಂತ ಕೊಟ್ರೆ ಅವ್ರು ಏನಂತಾರೆ? ಮೂರು ವಾರದ ಹಿಂದೆ ನೀರು ಚೆನ್ನಾಗಿತ್ತು, ಕೆಲಸ ಹೋಗುತ್ತೆ ಅಂತ ಸಿಟ್ಟಿಗೆ ಈ ಮನುಷ್ಯ ಬೇಕಂತಲೇ ಕೆಡಿಸಿದ ಅಂತಾರೆ. ಸೋಮಾರಿ ಅನ್ನೋದು ಹೋಗಿ ದ್ರೋಹಿ ಅಂತಾಗುತ್ತೆ. ಹಳೇದನ್ನ ವಾಪಸ್ ತಗೊಳ್ಳಲೇಬೇಕು. ಅವ್ರದ್ದೊಂದೇ ಅಲ್ಲ, ಆಯುಧಪೂಜೆ ಆದ್ಮೇಲೆ ಕೊಟ್ಟ ಬಿಒಡಿ ರಿಪೋರ್ಟ್ ಎಲ್ಲಾನೂ."

"ಎಷ್ಟಿವೆ?"

"ಹದಿನೇಳು."

ಅವರು ಫ್ಯಾನಿನ ಕಡೆ ನೋಡುತ್ತ ಕೂತರು. ಹದಿನೇಳು ಗಿರಾಕಿಗಳಿಗೆ ನಮ್ಮ ತಪ್ಪನ್ನು ನಾವೇ ಬರೆದು ಕಳಿಸುವುದೆಂದರೆ ಒಂದು ಸಣ್ಣ ಲ್ಯಾಬಿಗೆ ಏನೆಂದು ನನಗೂ ಗೊತ್ತಿತ್ತು. ಕೊನೆಗೆ, "ಬರೀರಿ. ಕಾರಣ ಏನಂತ ಹಾಕ್ತೀರಿ? ತೊಳೆಯೋ ಸಿಬ್ಬಂದಿಯಿಂದಾದ ಅಚಾತುರ್ಯ ಅಂತ ಹಾಕಿ. ಎಲ್ಲರಿಗೂ ಅರ್ಥ ಆಗುತ್ತೆ" ಎಂದರು.

ತೊಳೆಯೋ ಸಿಬ್ಬಂದಿ ಅಂದರೆ ಒಬ್ಬರೇ. ಅವರು ಆ ಹೊತ್ತಿಗೆ ಕೆಳಗೆ ಕೂತು ಮೂವತ್ತನೆಯದೋ ಮೂವತ್ತೊಂದನೆಯದೋ ಗಂಟು ಹಾಕುತ್ತಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟು ಮಾಲೀಕರ ಮೇಲೋ ನನ್ನ ಮೇಲೋ ಈಗಲೂ ಹೇಳಲಾರೆ. "ತೊಳೆದವಳು ನಾನು ಸರ್. ಅವ್ರು ರಜೆಯಲ್ಲಿದ್ರು," ಎಂದೆ. ಪತ್ರದಲ್ಲಿ ಹಾಗೇ ಬರೆದೆ: ಮುಚ್ಚಳಗಳನ್ನು ಬೆರೆಸಿದ್ದು ರಿಪೋರ್ಟಿಗೆ ಸಹಿ ಮಾಡಿದ ನಾನು, ದೋಷ ಕಂಡುಹಿಡಿದು ಸರಿಪಡಿಸಿದವರು ನಮ್ಮ ಅಟೆಂಡರ್. ಮಾಲೀಕರು ಎರಡು ಸಲ ಓದಿದರು. ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಅವರ ಆ ಸಹಿಗೆ ನಾನು ಋಣಿ.

ಶುಕ್ರವಾರ ಬೆಳಿಗ್ಗೆ ನಾನೇ ದಟ್ಟಗಳ್ಳಿಗೆ ಹೋಗಿ, ಆಪರೇಟರ್ ಜೊತೆ ಟ್ಯಾಂಕಿನ ಪಕ್ಕ ನಿಂತು ನೀರು ತುಂಬಿಸಿಕೊಂಡು ಬಂದೆ. ನಡೆದದ್ದನ್ನು ಅಲ್ಲೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಆಮೇಲೆ, "ಹಂಗಾದ್ರೆ ನನ್ನ ಮೂಗು ಸರಿಯಾಗೇ ಇದೆ," ಎಂದರು. ಕಣ್ಣು ಒರೆಸಿಕೊಂಡದ್ದು ವಾಸನೆಗೆ ಎಂಬಂತೆ ನಾನು ಬೇರೆ ಕಡೆ ನೋಡಿದೆ.

ಆ ದಿನ ಪ್ರತಿ ಬಾಟಲಿಯನ್ನೂ ನಾನು ತುಂಬಿದೆ, ಪ್ರತಿ ಮುಚ್ಚಳವನ್ನೂ ಅಕ್ಕ ಹಾಕಿದರು. ಸೋಮವಾರ ಅವರೇ ಹೊರತೆಗೆದರು. ಎಲ್ಲದರ ಬಾಯಲ್ಲೂ ನೀರು ನಿಂತಿತ್ತು, ಒಂದರಲ್ಲೂ ಗುಳ್ಳೆ ಇರಲಿಲ್ಲ. ಬುರೆಟ್ಟಿನಿಂದ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋದೆ. ನೀಲಿ ಬಣ್ಣ ಬೇಗನೆ ಮಾಯವಾಯಿತು, ಅಂದರೆ ಉಳಿದ ಆಮ್ಲಜನಕ ಕಡಿಮೆ. ಆಮ್ಲಜನಕ ಮೂರು, ಮೂರು, ಮೂರು ಚಿಲ್ಲರೆ, ಮೂರು. ನಾಲ್ಕು ಬಾಟಲಿ, ಒಂದೇ ಮಾತು. ತಪಾಸಣೆ ದ್ರಾವಣವೂ ಇರಬೇಕಾದ ಜಾಗದಲ್ಲೇ. ನೀರು ಮಿತಿಯನ್ನು ದಾಟಿ ಎಷ್ಟೋ ದೂರ ಹೋಗಿತ್ತು. ಒಬ್ಬರ ನೀರು ಫೇಲಾದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಮಂಗಳವಾರ ತಿಂಗಳ ಕೊನೆಯ ದಿನ. ಪತ್ರ, ಹೊಸ ರಿಪೋರ್ಟ್ ಎರಡನ್ನೂ ಹಿಡಿದುಕೊಂಡು ಹಾಸ್ಟೆಲಿಗೆ ಹೋದಾಗ ಸಿಸ್ಟರ್ ಮೇಜಿನ ಮೇಲೆ ಆಗಲೇ ಬೀಗದ ಕೈಗಳ ಗೊಂಚಲು ಇತ್ತು. ಆಪರೇಟರ್ ಬಾಗಿಲ ಹತ್ತಿರ ನಿಂತಿದ್ದರು. ಸಿಸ್ಟರ್ ಪತ್ರವನ್ನು ನಿಧಾನವಾಗಿ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿ, "ಇದನ್ನ ನೀವೇ ಬರೆದ್ರಾ?" ಎಂದು ಕೇಳಿದರು. ಹೌದೆಂದೆ. ಅವರು ಎದ್ದು, ಗೊಂಚಲನ್ನು ಎತ್ತಿಕೊಂಡು ಬಾಗಿಲವರೆಗೆ ನಡೆದು ಹೋದರು.

"ಹನ್ನೊಂದು ವರ್ಷದ ಮನುಷ್ಯನ್ನ ನಂಬದೆ ಒಂದು ಹಾಳೆ ನಂಬಿದೆ. ನನ್ನ ಕ್ಷಮಿಸ್ಬೇಕು ಅಣ್ಣ," ಎಂದು ಕೈಗಿಟ್ಟರು. "ಏಜೆನ್ಸಿಯವ್ರ ಹತ್ರ ನಾನು ಮಾತಾಡ್ತೀನಿ. ಬ್ಲೋವರ್ ಈ ವಾರವೇ ಬರ್ಬೇಕು."

ಆಪರೇಟರ್ ತಲೆಯಾಡಿಸಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಹೊರಡುವಾಗ ಗೇಟಿನವರೆಗೆ ಬಂದು, ಜೇಬಿನಿಂದ ನಾಲ್ಕು ಮಡಿಕೆಯ ಆ ಹಳೆಯ ರಿಪೋರ್ಟನ್ನು ತೆಗೆದುಕೊಟ್ಟರು. ಮಡಿಕೆಯ ಜಾಗದಲ್ಲಿ ಬೆವರಿಗೆ ನನ್ನ ಸಹಿ ಕಲಸಿಹೋಗಿತ್ತು. "ಇದನ್ನ ನೀವೇ ಇಟ್ಕೊಳ್ಳಿ ಮೇಡಂ. ನಂಗಿನ್ನು ಬೇಡ. ಆ ಮುಚ್ಚಳ ಕಂಡುಹಿಡಿದೋರು ಯಾರು ಅಂದ್ರಿ?"

ಹೇಳಿದೆ. ಆ ಕಾಗದ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಹದಿನೇಳು ಗಿರಾಕಿಗಳಲ್ಲಿ ಇಬ್ಬರು ನಮ್ಮನ್ನು ಬಿಟ್ಟರು. ಉಳಿದವರು ಉಳಿದರು, ಒಬ್ಬರು ಫೋನ್ ಮಾಡಿ ಒಳ್ಳೆಯ ಮಾತನ್ನೂ ಆಡಿದರು. ಪರೀಕ್ಷೆಯ ವಿವರ ಬರೆಯುವ ಹಾಳೆಯಲ್ಲಿ ಈಗ ಒಂದು ಹೊಸ ಕಾಲಂ ಇದೆ: 'ಮುಚ್ಚಳ ಪರೀಕ್ಷಿಸಿದವರು'. ರಿಪೋರ್ಟಿನ ಜೊತೆ ಆ ಹಾಳೆಯ ಪ್ರತಿಯೂ ಹೋಗುತ್ತದೆ. ಮೊದಲ ಸಲ ಪೆನ್ನು ಕೊಟ್ಟಾಗ ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ನನ್ ಎಸ್ರು ಯಾಕೆ ಮೇಡಂ, ಲ್ಯಾಬ್ ಕಾಗ್ದದ ಮ್ಯಾಲೆ?" ಎಂದರು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿ, ಒಂದೊಂದು ಅಕ್ಷರವನ್ನೂ ನಿಲ್ಲಿಸಿ ನಿಲ್ಲಿಸಿ ಬರೆದರು.

ಕ್ರಿಸ್‌ಮಸ್ ಆದ ಮೇಲೆ ಆಪರೇಟರ್ ಮತ್ತೆ ಸ್ಯಾಂಪಲ್ ತಂದರು. ಒಂದು ಕೈಯಲ್ಲಿ ಐಸ್ ಡಬ್ಬಿ, ಇನ್ನೊಂದರಲ್ಲಿ ಹೆಂಡತಿ ಮಾಡಿದ ಕೇಕಿನ ಡಬ್ಬಿ. ಕೇಕಿನದನ್ನು ನೇರ ಒಳಗೆ ಒಯ್ದು ತೊಳೆಯುವ ಸಿಂಕಿನ ಹತ್ತಿರ ಕೊಟ್ಟು ಬಂದರು. ಹೊಸ ಬ್ಲೋವರ್ ಬಂದ ಮೇಲೆ ತಂದಿದ್ದ ಹಿಂದಿನ ಸ್ಯಾಂಪಲಿನ ರಿಪೋರ್ಟ್ ತೆಗೆದಿಟ್ಟಿದ್ದೆ, ಪಾಸಾಗಿತ್ತು. ಕೊಟ್ಟೆ. ಅವರು ಮೊದಲ ಪುಟವನ್ನು ನೋಡಲೇ ಇಲ್ಲ. ಹಾಳೆ ತಿರುವಿ, ಬೆರಳಿಟ್ಟು ಕಾಲಂ ಹುಡುಕಿ, ಆ ದಪ್ಪ ಅಕ್ಷರದ ಹೆಸರು ಕಂಡಮೇಲೆ ತೃಪ್ತಿಯಿಂದ ಮಡಚಿ ಜೇಬಿಗೆ ಹಾಕಿಕೊಂಡರು.

"ಏನ್ರೀ, ನನ್ನ ಸಹಿ ನೋಡಲ್ವಾ?" ಎಂದೆ.

"ನಿಮ್ದು ಮನೇಗೆ ಹೋಗಿ ನೋಡ್ತೀನಿ ಮೇಡಂ," ಎಂದರು. "ಅವ್ರದ್ದು ಇದ್ರೆ ಸಾಕು."